ಹೋಗಿ ಬರುವ ಸುಖ

ನಮ್ಮ ಕಡೆ ಹೊಸ್ತಿಲು ದಾಟುವಾಗ ‘ಹೋಗ್ತೀನಿ’ ಅನ್ನುವುದಿಲ್ಲ, ‘ಹೋಗಿ ಬರ್ತೀನಿ’ ಅನ್ನಬೇಕು. ಬಾಯಿ ತಪ್ಪಿ ಬರೀ ‘ಹೋಗ್ತೀನಿ’ ಅಂದರೆ ಒಳಗಿನಿಂದ ಅತ್ತೆಯೋ ಅಜ್ಜಿಯೋ ‘ಬಿಡ್ತು ಅನ್ನವ್ವ, ಹೋಗಿ ಬರ್ತೀನಿ ಅನ್ನು’ ಎಂದು ತಿದ್ದುತ್ತಾರೆ. ಸಂತೆಗೆ ಹೊರಟರೂ ಅಷ್ಟೇ, ಹೆರಿಗೆಗೆ ತವರಿಗೆ ಹೊರಟರೂ ಅಷ್ಟೇ. ಹೊರಡುವ ಮಾತಿನ ಸೆರಗಿನಲ್ಲೇ ಮರಳುವ ಮಾತನ್ನೂ ಗಂಟು ಹಾಕಿ ಕಳಿಸುವ ಪದ್ಧತಿ ಇದು. ಮೂವತ್ತು ವರ್ಷಕ್ಕೂ ಮೀರಿ ನಮ್ಮ ಸೀಮೆಯ ಮನೆಮನೆಗಳಲ್ಲಿ ಹಳೆಯದಾಗದೆ ಉಳಿದ ಒಂದು ಸಿನಿಮಾದ ಗುಟ್ಟೂ ಈ ಮಾತಿನಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ಆ ಸಿನಿಮಾ ‘ಆದಿತ್ಯ 369’. ತೆಲುಗಿನದು, 1991ರ ಜುಲೈಯಲ್ಲಿ ತೆರೆಗೆ ಬಂದದ್ದು. ತೆಲುಗು ಸಿನಿಮಾದ ಉಸಾಬರಿ ಕನ್ನಡ ಶಾಲೆಯ ಟೀಚರಮ್ಮನಿಗೆ ಯಾಕೆ ಎಂದು ಮೈಸೂರು ಕಡೆಯವರು ಕೇಳಬಹುದು, ಬಳ್ಳಾರಿಯವರು ಕೇಳುವುದಿಲ್ಲ. 1953ರ ಅಕ್ಟೋಬರ್ 1ರ ತನಕ ನಮ್ಮ ಜಿಲ್ಲೆ ಮದ್ರಾಸಿನ ಕಡೆಗಿತ್ತು. ಅಂದು ಗಡಿ ಎಳೆದಾಗ ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು, ನಾವು ಮೈಸೂರಿಗೆ ಬಂದೆವು. ನೆಲಕ್ಕೆ ಗೆರೆ ಬಿತ್ತು, ನೆಂಟಸ್ತಿಕೆಗೆ ಬೀಳಲಿಲ್ಲ. ಇಂದಿಗೂ ಇಲ್ಲಿ ಒಂದೇ ಅಡುಗೆಮನೆಯಲ್ಲಿ ಅತ್ತೆ ತೆಲುಗಿನಲ್ಲಿ ಬೈದರೆ ಸೊಸೆ ಕನ್ನಡದಲ್ಲಿ ಗೊಣಗುವುದುಂಟು.

ಕಥೆ ತಿಳಿಯದವರಿಗಾಗಿ ನಾಲ್ಕು ಮಾತು. ವಸ್ತುಸಂಗ್ರಹಾಲಯದಲ್ಲಿ ಕೃಷ್ಣದೇವರಾಯನ ಕಾಲದ್ದೊಂದು ವಜ್ರ ಇದೆ. ಹಳೆಯ ವಸ್ತುಗಳ ಹುಚ್ಚು ಹಿಡಿದ ಒಬ್ಬ ಸಿರಿವಂತನಿಗೆ ಅದರ ಮೇಲೆ ಕಣ್ಣು. ಇನ್ನೊಂದು ಕಡೆ ಪ್ರೊಫೆಸರ್ ರಾಮದಾಸ್ ಎಂಬ ವಿಜ್ಞಾನಿ ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಹೋಗಬಲ್ಲ ಯಂತ್ರವೊಂದನ್ನು ಕಟ್ಟಿದ್ದಾನೆ. ನಾಯಕ ಕೃಷ್ಣಕುಮಾರ ಮತ್ತು ಪ್ರೊಫೆಸರರ ಮಗಳು ಹೇಮಾ ಆ ಯಂತ್ರದಲ್ಲಿ ಕುಳಿತು 1526ರ ವಿಜಯನಗರಕ್ಕೆ ಹೋಗುತ್ತಾರೆ. ಅಲ್ಲಿಂದ 2504ನೇ ಇಸವಿಗೆ. ಕೊನೆಗೆ ತಮ್ಮ ಕಾಲಕ್ಕೆ ಮರಳುತ್ತಾರೆ. ಕೃಷ್ಣಕುಮಾರನೂ ಬಾಲಕೃಷ್ಣ, ಕೃಷ್ಣದೇವರಾಯನೂ ಬಾಲಕೃಷ್ಣ. ಖಳನಾಗಿ ಅಮರೀಶ್ ಪುರಿ, ಹೇಮಾ ಆಗಿ ಮೋಹಿನಿ, ಆಸ್ಥಾನ ನರ್ತಕಿಯಾಗಿ ಸಿಲ್ಕ್ ಸ್ಮಿತಾ. ಸಂಗೀತ ಇಳಯರಾಜಾ. ಚಿತ್ರವನ್ನು ಅರ್ಪಿಸಿದವರು ನಮ್ಮೆಲ್ಲರ ಎಸ್.ಪಿ. ಬಾಲಸುಬ್ರಹ್ಮಣ್ಯಂ.

ನಾನು ಆಗ ಬಳ್ಳಾರಿಯಲ್ಲಿ ಬಿ.ಎ. ಓದುತ್ತಿದ್ದೆ. ಚಿಕ್ಕಮ್ಮನ ಜೊತೆ ಮ್ಯಾಟಿನಿಗೆ ಹೋಗಿದ್ದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಚಿಕ್ಕಮ್ಮನಿಗೆ ಈ ಯಂತ್ರ ಗಿಂತ್ರ ಏನು ತಿಳಿದೀತು ಎಂಬ ಕಾಲೇಜು ಹುಡುಗಿಯ ಜಂಬ ನನಗೆ. ಇಂಟರ್‌ವಲ್ಲಿನಲ್ಲಿ ಮಿರ್ಚಿ ತಿನ್ನುತ್ತಾ ಅವಳು ಅಂದಳು: ‘ಇದೇನ್ ಹೊಸಾದಲ್ಲೇಳು. ಪುಷ್ಪಕ ವಿಮಾನಕ್ಕ ಕರೆಂಟ್ ಕೊಟ್ಟಾರ, ಅಷ್ಟೇ.’

ಅವಳ ಮಾತಿಗೆ ತೂಕವಿತ್ತು. ಚಿತ್ರದ ನಿರ್ದೇಶಕ ಸಿಂಗೀತಂ ಶ್ರೀನಿವಾಸರಾವ್ ಕಸಬು ಕಲಿತದ್ದು ಕೆ.ವಿ. ರೆಡ್ಡಿಯವರ ಗರಡಿಯಲ್ಲಿ, 1957ರ ‘ಮಾಯಾಬಜಾರ್’ ಚಿತ್ರಕ್ಕೆ ಅವರು ಸಹಾಯಕ. ಆ ಚಿತ್ರದಲ್ಲಿ ಪ್ರಿಯದರ್ಶಿನಿ ಎಂಬ ಪೆಟ್ಟಿಗೆ ಬರುತ್ತದಲ್ಲ, ಮುಚ್ಚಳ ತೆರೆದರೆ ದೂರದಲ್ಲಿರುವ ಪ್ರೀತಿಪಾತ್ರರ ಮುಖ ಕಾಣುವ ಪೆಟ್ಟಿಗೆ? ಮೊಮ್ಮಕ್ಕಳನ್ನು ಫೋನಿನಲ್ಲಿ ನೋಡುವ ಇವತ್ತಿನ ಅಜ್ಜಿಯರಿಗೆ ಅದನ್ನು ವಿವರಿಸುವ ಅಗತ್ಯವೇ ಇಲ್ಲ. ಅಂಥ ಮಾಯೆಯನ್ನು ಹತ್ತಿರದಿಂದ ಕಂಡವರು ಮೂವತ್ತನಾಲ್ಕು ವರ್ಷದ ಮೇಲೆ ಮಂತ್ರದ ಜಾಗದಲ್ಲಿ ಯಂತ್ರ ಇಟ್ಟರು. ಇವರು ಕನ್ನಡಕ್ಕೂ ಪರಕೀಯರಲ್ಲ. ರಾಜಕುಮಾರ್ ಅವರ ‘ಹಾಲು ಜೇನು’, ‘ಚಲಿಸುವ ಮೋಡಗಳು’ ಎರಡನ್ನೂ 1982ರಲ್ಲಿ ನಿರ್ದೇಶಿಸಿದವರು ಇವರೇ. ಶಿವರಾಜ್‌ಕುಮಾರ್ ಮೊದಲ ಬಾರಿಗೆ ನಾಯಕನಾದ ‘ಆನಂದ್’ ಇವರದು. ಒಂದೇ ಒಂದು ಮಾತಿಲ್ಲದೆ ಕಥೆ ಹೇಳಿದ, ಬೆಂಗಳೂರಿನಲ್ಲಿ ತೆಗೆದ ‘ಪುಷ್ಪಕ ವಿಮಾನ’ವೂ ಇವರದೇ. ಚಿಕ್ಕಮ್ಮ ಆ ಹೆಸರು ಎತ್ತಿದ್ದು ಕಾಕತಾಳೀಯ ಇರಬಹುದು, ಆದರೆ ನೋಡಿ, ಎಲ್ಲಿಂದ ಎಲ್ಲಿಗೆ ನಂಟು!

ಕಾಲದಲ್ಲಿ ಸಂಚರಿಸುವ ಯಂತ್ರದ ಕಲ್ಪನೆಯನ್ನು ಜಗತ್ತಿಗೆ ಚೆನ್ನಾಗಿ ಪರಿಚಯಿಸಿದವರು ಇಂಗ್ಲೆಂಡಿನ ಎಚ್.ಜಿ. ವೆಲ್ಸ್, 1895ರ ತಮ್ಮ ಕಾದಂಬರಿಯಲ್ಲಿ. ಅಮೆರಿಕದಲ್ಲಿ 1985ರಲ್ಲಿ ‘ಬ್ಯಾಕ್ ಟು ದ ಫ್ಯೂಚರ್’ ಬಂತು; ಅದರ ಹುಡುಗ 1955ಕ್ಕೆ ಹೋಗಿ ತನ್ನ ತಂದೆತಾಯಿಯರ ಹರೆಯವನ್ನು ನೋಡಿ ಬರುತ್ತಾನೆ. ಬಾಹ್ಯಾಕಾಶದ ಕಥೆಗಳಂತೂ ಲೆಕ್ಕವಿಲ್ಲ. 1977ರ ‘ಸ್ಟಾರ್ ವಾರ್ಸ್’ಗೆ ಅಲ್ಲಿಯ ಜನ ಇಂದಿಗೂ ಮರುಳು. ಅವರಿಗೆ ಅಚ್ಚರಿ ನಕ್ಷತ್ರಗಳ ಆಚೆ ಇತ್ತು. ನಮ್ಮ ಚಿತ್ರ ಅಷ್ಟು ದೂರ ಹೋಗಲಿಲ್ಲ. ಬಳ್ಳಾರಿಯಿಂದ ಅರವತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ಹಂಪಿಗೆ ಹೋಯಿತು. ನಮಗೆ ಅದು ಸಾಕಾಯಿತು.

ಯಾಕೆ ಸಾಕಾಯಿತು ಎನ್ನುವುದು ಹಂಪಿಗೆ ಮಕ್ಕಳನ್ನು ಕರೆದುಕೊಂಡು ಹೋದ ಟೀಚರುಗಳಿಗೆ ಗೊತ್ತು. ಕೊಳಗಲ್ಲಿಗೆ ಸೊಸೆಯಾಗಿ ಬಂದು, ಇದೇ ಸೀಮೆಯಲ್ಲಿ ಸಮಾಜ ಪಾಠ ಮಾಡುತ್ತಾ ನಾನು ಎಷ್ಟೋ ಸಲ ಹಂಪಿಗೆ ಹೋಗಿದ್ದೇನೆ. ಬಿಸಿಲಿಗೆ ಕಾದ ಬಂಡೆ, ಚಾವಣಿ ಇಲ್ಲದ ಮಂಟಪ, ಮೂಗು ಮುರಿದ ಮೂರ್ತಿ. ಮಕ್ಕಳು ಸಾಲಿನಲ್ಲಿ ನಿಂತು ನೋಡುತ್ತವೆ, ‘ಟೀಚರ್, ಎಲ್ಲಾ ಒಡದೋಗೈತಲ್ರೀ’ ಅನ್ನುತ್ತವೆ, ಬುತ್ತಿ ಯಾವಾಗ ಬಿಚ್ಚುವುದು ಎಂದು ಕೇಳುತ್ತವೆ. 1565ರ ಯುದ್ಧ, ಪಟ್ಟಣದ ನಾಶ ಎಂದು ನಾವು ಪಾಠ ಹೇಳುತ್ತೇವೆ. ಮಗುವಿನ ಮನಸ್ಸಿನಲ್ಲಿ ಹಂಪಿ ಅಂದರೆ ಹುಟ್ಟುವಾಗಲೇ ಒಡೆದು ಹುಟ್ಟಿದ ಊರು.

ಈ ಸಿನಿಮಾ ಮಾಡಿದ ದೊಡ್ಡ ಉಪಕಾರ ಅಂದರೆ ಆ ಕಂಬಗಳ ಮೇಲೆ ಚಾವಣಿ ಹೊದಿಸಿದ್ದು. ಬೀದಿಯಲ್ಲಿ ಜನ ಇದ್ದಾರೆ, ದೀಪ ಉರಿಯುತ್ತಿದೆ, ಆಸ್ಥಾನದಲ್ಲಿ ತೆನಾಲಿ ರಾಮಕೃಷ್ಣನ ಕಿಡಿಗೇಡಿತನ ನಡೆದಿದೆ. ರಾಯನ ಕಥೆ ಅದಕ್ಕೂ ಮೊದಲೇ ತೆರೆಯ ಮೇಲೆ ಬಂದಿತ್ತು. 1962ರ ‘ಮಹಾಮಂತ್ರಿ ತಿಮ್ಮರುಸು’ ಎಂಬ ತೆಲುಗು ಚಿತ್ರದಲ್ಲಿ ಎನ್.ಟಿ. ರಾಮರಾವ್ ಕೃಷ್ಣದೇವರಾಯನಾಗಿದ್ದರು. ಕನ್ನಡದಲ್ಲಿ ಬಿ.ಆರ್. ಪಂತುಲು 1970ರಲ್ಲಿ ‘ಶ್ರೀಕೃಷ್ಣದೇವರಾಯ’ ತೆಗೆದರು. ರಾಜಕುಮಾರ್ ರಾಯ, ಪಂತುಲು ಅವರೇ ತಿಮ್ಮರಸು. ಅವೆಲ್ಲ ರಾಜರ ಕಥೆಗಳು, ನಾವು ಹೊರಗೆ ಕುಳಿತು ನೋಡಿದೆವು. ‘ಆದಿತ್ಯ’ದಲ್ಲಿ ಮಾತ್ರ ನಮ್ಮ ಹಾಗೆ ಪ್ಯಾಂಟು, ಚಪ್ಪಲಿ ಹಾಕಿಕೊಂಡ ಮಂದಿ ಒಳಗೆ ಹೊಕ್ಕರು. ಹೊಕ್ಕವರ ಹಿಂದೆ ನಾವೂ ಹೊಕ್ಕೆವು.

ರಾಯ ಕನ್ನಡದವನೋ ತೆಲುಗಿನವನೋ ಎಂಬ ಜಗಳ ನಮ್ಮಲ್ಲಿ ಆಗಾಗ ಏಳುತ್ತದೆ. ಅವನು ‘ಆಮುಕ್ತಮಾಲ್ಯದ’ ಬರೆದದ್ದು ತೆಲುಗಿನಲ್ಲಿ. ಕುಮಾರವ್ಯಾಸ ಬಿಟ್ಟಿದ್ದ ಭಾರತದ ಭಾಗವನ್ನು ತಿಮ್ಮಣ್ಣ ಕವಿ ಅವನ ಆಶ್ರಯದಲ್ಲಿ ಮುಗಿಸಿದ್ದು ಕನ್ನಡದಲ್ಲಿ. ಬಳ್ಳಾರಿಯ ಮನೆಗಳಲ್ಲಿ ಈ ಜಗಳಕ್ಕೆ ಆಸ್ಪದವೇ ಇಲ್ಲ. ಅತ್ತೆಗೂ ಅವನು ನಮ್ಮವನು, ಸೊಸೆಗೂ ನಮ್ಮವನು.

ಹಾಗೆಂದು ತೆರೆಯ ಮೇಲೆ ಕಂಡದ್ದೆಲ್ಲ ಇತಿಹಾಸ ಎಂದು ನಾನು ಮಕ್ಕಳಿಗೆ ಹೇಳುವುದಿಲ್ಲ. ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ. ಅವನನ್ನು ಕಣ್ಣಾರೆ ಕಂಡು ಬರೆದಿಟ್ಟ ಪೋರ್ಚುಗೀಸ ಡೊಮಿಂಗೊ ಪಯಸ್ ಪ್ರಕಾರ ರಾಯ ಸಾಧಾರಣ ಎತ್ತರದವನು, ಸ್ವಲ್ಪ ಮೈ ತುಂಬಿಕೊಂಡವನು, ಮುಖದ ಮೇಲೆ ಸಿಡುಬಿನ ಕಲೆ ಇದ್ದವನು. ಬೆಳಗಾಗುವ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆ ಎಣ್ಣೆ ಸವರಿ, ಸಾಮು ಮಾಡಿ, ಕುದುರೆ ಹತ್ತುತ್ತಿದ್ದ. ಇದನ್ನು ಹೇಳಿದಾಗ ತರಗತಿ ಒಮ್ಮೆಲೇ ನಿಶ್ಶಬ್ದವಾಗುತ್ತದೆ. ಸಿಡುಬಿನ ಕಲೆಯ ರಾಜ! ಸಿನಿಮಾ ಬಾಗಿಲು ತೆರೆಯಿತು ಎನ್ನಿ. ಆ ಬಾಗಿಲಿನಿಂದ ಒಳಗೆ ಬಂದ ಮಗು ಪಯಸ್‌ನ ಮಾತಿಗೂ ಕಿವಿ ಕೊಡುತ್ತದೆ. ಪಟ್ಟಣ ರೋಮಿನಷ್ಟು ದೊಡ್ಡದಾಗಿ ಕಂಡಿತು ಎಂದು ಅವನು ಬರೆದದ್ದಕ್ಕೂ, 1443ರಲ್ಲಿ ಬಂದ ಪರ್ಷಿಯಾದ ಅಬ್ದುರ್ ರಜಾಕ್ ಇಲ್ಲಿಯ ಜನಕ್ಕೆ ಗುಲಾಬಿ ಇಲ್ಲದೆ ದಿನವೇ ಹೋಗದು ಎಂದು ಬೆರಗಾದದ್ದಕ್ಕೂ ಕಿವಿ ಕೊಡುತ್ತದೆ.

ಆದರೆ ಒಂದು ಪ್ರಶ್ನೆಗೆ ನಾನು ಸಿದ್ಧಳಿರಲಿಲ್ಲ. ಈಚಿನ ವರ್ಷಗಳಲ್ಲಿ, ಪಾಠದ ನಡುವೆ ಈ ಸಿನಿಮಾದ ಮಾತು ಬಂದಾಗ, ಹತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. ‘ಟೀಚರ್, ಆ ಮಿಷನ್‌ದಾಗ ಕುಂತು ನಾನು ಹೋದ್ರ, ಅಲ್ಲಿ ನಾನು ಏನಾಗಿರ್ತಿದ್ದೆ? ರಾಣಿ ಅಂತೂ ಆಗಿರಂಗಿಲ್ಲ ಬಿಡ್ರಿ. ನನ್ನ ಓದಾಕ ಬಿಡ್ತಿದ್ರಾ?’

ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ಅವಳ ಮನೆಯಲ್ಲಿ ಹತ್ತನೆಯದಕ್ಕೆ ಓದು ಸಾಕು ಎಂಬ ಮಾತು ನಡೆದದ್ದು ನನಗೆ ಗೊತ್ತಿತ್ತು. ಸುವರ್ಣಯುಗ ಎಂದು ಕರಿಹಲಗೆಯ ಮೇಲೆ ಬರೆಯುವಾಗ ಅದು ಯಾರಿಗೆ ಸುವರ್ಣ ಎಂದು ನಾವು ಬರೆಯುವುದಿಲ್ಲ. ಅವಳು ಕೇಳಿದ್ದು ಅದನ್ನೇ.

ತಿಳಿದಷ್ಟನ್ನು ಹೇಳಿದೆ. ಕೃಷ್ಣದೇವರಾಯ ತೀರಿಕೊಂಡ ಕೆಲವು ವರ್ಷಗಳಲ್ಲೇ ಬರೆದ ನೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸ, ಅರಮನೆಯೊಳಗೆ ಲೆಕ್ಕ ಬರೆಯುವ ಹೆಂಗಸರಿದ್ದರು, ಜ್ಯೋತಿಷ ಬಲ್ಲವರಿದ್ದರು, ಕುಸ್ತಿ ಆಡುವವರಿದ್ದರು, ಕಾವಲು ಕಾಯುವವರಿದ್ದರು ಎನ್ನುತ್ತಾನೆ. ಅದಕ್ಕೂ ಮುಂಚೆ, ಹದಿನಾಲ್ಕನೇ ಶತಮಾನದಲ್ಲಿ, ಕುಮಾರ ಕಂಪಣನ ರಾಣಿ ಗಂಗಾದೇವಿ ಗಂಡನ ಮಧುರೆಯ ದಂಡಯಾತ್ರೆಯನ್ನು ಸಂಸ್ಕೃತ ಕಾವ್ಯ ಮಾಡಿದಳು. ಅಚ್ಯುತರಾಯನ ಕಾಲದಲ್ಲಿ ತಿರುಮಲಾಂಬೆ ಚಂಪೂಕಾವ್ಯ ಬರೆದಳು. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುಣಿಯುವ ಹೆಣ್ಣುಗಳ ಜೊತೆ ಬೇಟೆಗೆ ನಿಂತ ಹೆಣ್ಣುಗಳೂ ಇದ್ದಾರೆ. ಅಲ್ಲಿಗೆ ನಿಲ್ಲಿಸಿದ್ದರೆ ಹುಡುಗಿ ಖುಷಿಯಿಂದ ಕೂರುತ್ತಿದ್ದಳೇನೋ. ಆದರೆ ಅದೇ ನೂನಿಜ್ ಗಂಡ ಸತ್ತಾಗ ಹೆಂಡತಿಯನ್ನು ಚಿತೆಗೆ ಕರೆದೊಯ್ಯುವ ಪದ್ಧತಿಯನ್ನೂ ಬರೆದಿದ್ದಾನೆ. ಮಡಚಿದ ತೋಳು, ಎತ್ತಿದ ಕೈ, ತುಂಬಿದ ಬಳೆ ಕೆತ್ತಿದ ಮಾಸ್ತಿಕಲ್ಲುಗಳು ಈ ನಾಡಿನಲ್ಲಿ ಎಷ್ಟೋ ಊರುಗಳ ಹೊರಗೆ ನಿಂತಿವೆ. ಎರಡನ್ನೂ ಹೇಳಿದೆ. ಒಂದನ್ನು ಹೇಳಿ ಒಂದನ್ನು ಮುಚ್ಚಿಟ್ಟರೆ ಅದು ಪಾಠವಲ್ಲ.

‘ಹಂಗಾದ್ರ ನೋಡಿ ಬರೋದು ಚಲೋ, ಅಲ್ಲೇ ಇರೋದು ಬ್ಯಾಡ’ ಅಂದಳು ಹುಡುಗಿ, ಸಂತೆಯಲ್ಲಿ ಬೆಲೆ ಗೊತ್ತು ಮಾಡಿದವಳಂತೆ.

ಈ ಚಿತ್ರ ಯಾಕೆ ನಮ್ಮ ಹೆಂಗಸರಿಗೆ ಅಷ್ಟು ಹಿಡಿಸಿತು ಎಂಬುದು ಆಗ ನನಗೆ ಸ್ಪಷ್ಟವಾಯಿತು. ಅದು ಹಳೆಯ ಕಾಲವನ್ನು ಪ್ರೀತಿಸುತ್ತದೆ, ಆದರೆ ಅಲ್ಲೇ ಉಳಿಯಿರಿ ಎನ್ನುವುದಿಲ್ಲ. ಮುಂದಿನ ಕಾಲಕ್ಕೂ ಕರೆದೊಯ್ಯುತ್ತದೆ, ಅಲ್ಲೂ ಉಳಿಯಿರಿ ಎನ್ನುವುದಿಲ್ಲ. 2504ರಲ್ಲಿ ಮಹಾಯುದ್ಧವಾಗಿ, ವಿಕಿರಣದ ಭಯಕ್ಕೆ ಮನುಷ್ಯರು ನೆಲದಡಿಯಲ್ಲಿ ಬದುಕುತ್ತಿರುತ್ತಾರೆ. ಚೆರ್ನೋಬಿಲ್ ಸ್ಥಾವರ ಸಿಡಿದದ್ದು 1986ರಲ್ಲಿ. ಚಿತ್ರ ಬಂದಾಗ ಆ ಸುದ್ದಿ ಇನ್ನೂ ಹಸಿಯಾಗಿತ್ತು. ನಮ್ಮ ಸೀಮೆಯವರಿಗೆ ಅದು ಬೇರೆ ರೀತಿಯಲ್ಲೂ ಅರ್ಥವಾಯಿತು. 2000ದ ನಂತರದ ಗಣಿಗಾರಿಕೆಯ ವರ್ಷಗಳಲ್ಲಿ ಸಂಡೂರು, ಹೊಸಪೇಟೆಯ ದಾರಿಯಲ್ಲಿ ಅದಿರಿನ ಲಾರಿಗಳು ಎಬ್ಬಿಸಿದ ಕೆಂಧೂಳು ಗಿಡದೆಲೆಯ ಮೇಲೂ ಒಣಹಾಕಿದ ಸೀರೆಯ ಮೇಲೂ ಕೂತದ್ದನ್ನು ಕಂಡವರು ನಾವು. ನೆಲ ಹಾಳಾದರೆ ಮನುಷ್ಯ ಎಲ್ಲಿಗೆ ಹೋಗಬೇಕು ಎಂಬುದು ನಮಗೆ ಬರೀ ಸಿನಿಮಾದ ಪ್ರಶ್ನೆ ಆಗಿರಲಿಲ್ಲ.

ವೆಲ್ಸರ ಕಾದಂಬರಿಯ ಕೊನೆಯಲ್ಲಿ ಕಾಲಯಾತ್ರಿ ಮತ್ತೊಮ್ಮೆ ಯಂತ್ರ ಹತ್ತಿ ಹೋದವನು ಬರುವುದೇ ಇಲ್ಲ. ಓದಿ ಮುಗಿಸಿದಾಗ ಬೆರಗಾಗುತ್ತದೆ, ಎದೆ ಭಾರವೂ ಆಗುತ್ತದೆ. ನಮ್ಮ ಚಿತ್ರ ಹೋದವರನ್ನು ಮನೆಗೆ ತಂದು ಬಿಡುತ್ತದೆ. ಇನ್ನೂ ಒಂದು ವಿಷಯ ಗಮನಿಸಿ. ಇಂಥ ಎಷ್ಟೋ ಕಥೆಗಳಲ್ಲಿ ಗಂಡು ಹೊರಡುತ್ತಾನೆ, ಹೆಣ್ಣು ಕಿಟಕಿಯಲ್ಲಿ ಕಾಯುತ್ತಾಳೆ. ಇಲ್ಲಿ ಹೇಮಾ ಕಾಯುತ್ತಾ ಕೂರಲಿಲ್ಲ. ಅವಳೂ ಯಂತ್ರ ಹತ್ತಿದಳು, ಐನೂರು ವರ್ಷ ಹಿಂದಕ್ಕೆ ಹೋದಳು, ಮುಂದಕ್ಕೆ ಹೋದಳು, ಬಂದಳು.

ನಮ್ಮ ಹಳೆಯ ಕಥೆಯಲ್ಲಿ ಇದೇ ಆಕಾಶದಲ್ಲಿ ಒಬ್ಬ ಹೆಣ್ಣುಮಗಳು ಹೋದದ್ದುಂಟು. ಹಂಪಿಯ ಸುತ್ತಿನ ಬೆಟ್ಟಗಳನ್ನು ಕಿಷ್ಕಿಂಧೆ ಎನ್ನುತ್ತಾರೆ. ಸುಗ್ರೀವನ ಗುಹೆಯ ಬಳಿ ಬಂಡೆಯ ಮೇಲಿನ ಗೆರೆಗಳನ್ನು ಸೀತೆಯ ಸೆರಗಿನ ಗುರುತು ಎಂದು ತೋರಿಸುತ್ತಾರೆ. ರಾವಣ ಎತ್ತಿಕೊಂಡು ಹೋಗುವಾಗ ಅವಳು ಒಡವೆಗಳನ್ನು ಗಂಟು ಕಟ್ಟಿ ಕೆಳಗೆ ಬಿಟ್ಟಳು, ದಾರಿ ತಿಳಿಯಲಿ ಎಂದು. ಬರುವಾಗ ಪುಷ್ಪಕ ವಿಮಾನದಲ್ಲಿ ಬಂದಳು. ಕಿಷ್ಕಿಂಧೆ ಕಂಡಾಗ ವಿಮಾನ ನಿಲ್ಲಿಸಿ, ವಾನರರ ಹೆಂಡಿರನ್ನೂ ಹತ್ತಿಸಿಕೊಂಡು ಅಯೋಧ್ಯೆಗೆ ಹೋಗೋಣ ಎಂದವಳು ಅವಳೇ ಎಂದು ವಾಲ್ಮೀಕಿ ಹೇಳುತ್ತಾನೆ. ಹೋಗುವಾಗ ತನ್ನ ಇಷ್ಟ ಇರಲಿಲ್ಲ. ಬರುವಾಗ ನಾಲ್ಕು ಜನ ಹೆಂಗಸರಿಗೂ ಲೋಕ ತೋರಿಸುವ ಮನಸ್ಸು.

ನಮ್ಮ ಕಾಲದಲ್ಲೂ ಹೆಣ್ಣುಮಕ್ಕಳು ಆಕಾಶಕ್ಕೆ ಹೋದರು. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಮರಳುವ ಹಾದಿಯಲ್ಲಿ ಚೂರಾಯಿತು. ಕರ್ನಾಲಿನ ಆ ಹುಡುಗಿಗಾಗಿ ನಮ್ಮೂರಿನ ಹೆಂಗಸರೂ ಕಣ್ಣೊರೆಸಿಕೊಂಡರು. ಕೆಲವೇ ದಿನಕ್ಕೆಂದು 2024ರ ಜೂನ್‌ನಲ್ಲಿ ಹೋದ ಸುನಿತಾ ವಿಲಿಯಮ್ಸ್ ಒಂಬತ್ತು ತಿಂಗಳು ಮೇಲೆಯೇ ಉಳಿಯಬೇಕಾಯಿತು. 2025ರ ಮಾರ್ಚ್‌ನಲ್ಲಿ ಅವರು ಸಮುದ್ರಕ್ಕಿಳಿದ ಬೆಳಗ್ಗೆ ನಮ್ಮ ಶಾಲೆಯ ಅಡುಗೆಯಾಕೆ ಒಲೆಯ ಮುಂದೆಯೇ ಕೈ ಮುಗಿದು, ‘ಬಂತಲ್ಲವ್ವ ಕೂಸು’ ಎಂದಳು. ಅದರ ಮರುತಿಂಗಳೇ, ಏಪ್ರಿಲ್‌ನಲ್ಲಿ, ‘ಆದಿತ್ಯ 369’ ಹೊಸದಾಗಿ ತಿದ್ದಿ ತೀಡಿಸಿಕೊಂಡು ಮತ್ತೆ ಚಿತ್ರಮಂದಿರಕ್ಕೆ ಬಂತು. ಮೊದಲ ಸಲ ಫ್ರಾಕು ಹಾಕಿಕೊಂಡು ನೋಡಿದವರು ಈ ಸಲ ಮಕ್ಕಳನ್ನು ಕಟ್ಟಿಕೊಂಡು ಹೋದರು. ಈಗಿನ ಮಕ್ಕಳ ಕಣ್ಣಿಗೆ ಅದರ ತಂತ್ರಗಳು ಹಳೆಯವು. ಆದರೂ ಕುಳಿತು ನೋಡಿದರು.

ಈ ನಡುವೆ 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾಗಿ, ಹಂಪಿ ನಮ್ಮ ಜಿಲ್ಲೆಯ ಲೆಕ್ಕದಿಂದ ಹೊರಗೆ ಹೋಯಿತು. ಹೋದರೇನು, ಮದುವೆಯಾದ ಮಗಳು ಮನೆಯವಳಲ್ಲವೇ! ಮಕ್ಕಳಿಗೆ ನಾನು ಈಗ ಇನ್ನೊಂದು ಮಾತೂ ಹೇಳುತ್ತೇನೆ: ನಿಮ್ಮ ಕೊಳಗಲ್ಲಿನಲ್ಲೇ ಒಂದು ಕಾಲಯಂತ್ರ ಇದೆ, ಕರೆಂಟು ಬೇಡದ್ದು. ಕ್ರಿ.ಶ. 967ರ ಕೊಳಗಲ್ಲಿನ ಶಾಸನ ಅದು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ತೀರಿಹೋಗಿ ಖೊಟ್ಟಿಗ ಪಟ್ಟಕ್ಕೆ ಬಂದದ್ದನ್ನು ಇತಿಹಾಸಕಾರರು ಗೊತ್ತುಮಾಡಿದ್ದು ಅದರಿಂದ. ದೂರದ ಬಂಗಾಳದ ವರೇಂದ್ರಿ ಸೀಮೆಯಿಂದ ಬಂದ ಗದಾಧರ ಎಂಬವನ ಹೆಸರೂ ಇಲ್ಲಿಯ ಶಾಸನದಲ್ಲಿ ಇದೆ. ಬಸ್ಸು, ರೈಲು ಇಲ್ಲದ ಕಾಲದಲ್ಲಿ ಅಷ್ಟು ದೂರದಿಂದ ಕೊಳಗಲ್ಲಿಗೆ ಬಂದವನು! ವಿಜಯನಗರ ಹುಟ್ಟುವುದಕ್ಕೂ ಮುನ್ನೂರೈವತ್ತು ವರ್ಷ ಮೊದಲಿನ ಮಾತು ಇದು ಎಂದರೆ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತವೆ.

ಪ್ರಶ್ನೆ ಕೇಳಿದ ಹುಡುಗಿಯ ಮನೆಗೆ ಒಂದು ಸಂಜೆ ಹೋಗಿದ್ದೆ. ತಂದೆ ಒಳ್ಳೆಯ ಮನುಷ್ಯ. ‘ಓದೋದು ಬ್ಯಾಡ ಅನ್ನಂಗಿಲ್ರಿ ಮೇಡಂ. ದಿನಾ ಬಳ್ಳಾರಿಗೆ ಹೋಗಿ ಬರೋದ ಚಿಂತಿ’ ಅಂದರು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಹಣದ ಮಾತು ಆಡುವ ಹಾಗಿರಲಿಲ್ಲ. ಅವರ ಭಯ ಹೋಗುವುದರದ್ದಲ್ಲ, ಬರುವುದರದ್ದು. ಆ ಭಯವನ್ನು ನಾನು ಹಗುರ ಮಾಡಿ ಮಾತಾಡಲಿಲ್ಲ. ಇದೇ ಬಸ್ಸಿಗೆ ನಮ್ಮೂರಿನಿಂದ ಇನ್ನೂ ಯಾರ್ಯಾರು ಹೋಗುತ್ತಾರೆ, ಸಂಜೆ ಯಾವ ಬಸ್ಸಿಗೆ ಬರುತ್ತಾರೆ ಎಂದು ಹೆಸರು ಹಿಡಿದು ಹೇಳಿದೆ. ತಾಯಿ ಒಳಗಿನಿಂದ ಚಹಾ ತಂದಿಟ್ಟು, ‘ಒಂದ್ ವರ್ಷ ನೋಡೋಣೇಳ್ರಿ’ ಎಂದು ಗಂಡನ ಕಡೆ ನೋಡಿದಳು. ಅವರು ಬೇಡ ಅನ್ನಲಿಲ್ಲ. ಪಿ.ಯು.ಸಿ.ಗೆ ಸೇರಿಸಿದರು. ಎರಡನೇ ವರ್ಷದ ಮಾತನ್ನು ಎರಡನೇ ವರ್ಷವೇ ಆಡಬೇಕು.

ಅವಳ ತರಗತಿಗೆ ನಾನು ಆ ವರ್ಷ ಒಂದು ಪ್ರಬಂಧ ಬರೆಸಿದ್ದೆ: ‘1526ರ ವಿಜಯನಗರದಲ್ಲಿ ನನ್ನ ಒಂದು ದಿನ’. ಹುಡುಗರೆಲ್ಲ ಸೇನಾಪತಿಗಳಾಗಿ ರಾಯಚೂರು ಗೆದ್ದಿದ್ದರು, ಅದು 1520ರಲ್ಲೇ ಗೆದ್ದಾಗಿದೆ ಎಂಬುದನ್ನೂ ಮರೆತು. ಈ ಹುಡುಗಿ ಬಜಾರಿನಲ್ಲಿ ಗುಲಾಬಿ ಮಾರಿದ್ದಳು. ಅರಮನೆಯ ಲೆಕ್ಕದ ಹೆಂಗಸಿಗೆ ಹೂ ಕೊಟ್ಟು, ಚಿಲ್ಲರೆ ಎಣಿಸುವಾಗ ಆಕೆಯ ಹತ್ತಿರ ಎರಡು ಲೆಕ್ಕ ಕಲಿತಿದ್ದಳು. ರಾಯನನ್ನು ದೂರದಿಂದ ನೋಡಿದ್ದಳು, ಸಿಡುಬಿನ ಕಲೆ ಕಾಣಲಿಲ್ಲವಂತೆ. ಹೊತ್ತು ಇಳಿಯುವ ಮುಂಚೆ ಹೊರಟುಬಂದೆ, ನಾಳೆ ಗಣಿತದ ಪರೀಕ್ಷೆ ಇತ್ತು ಎಂದು ಮುಗಿಸಿದ್ದಳು. ಹತ್ತಕ್ಕೆ ಒಂಬತ್ತು ಕೊಟ್ಟೆ. ಒಂದು ಅಂಕ ಕಾಗುಣಿತಕ್ಕೆ ಹೋಯಿತು.